ಕಾಲು ವಾಸಿಯಾಗುತ್ತಿದೆ, ಮಗಳು ಮಂಕಾಗುತ್ತಿದ್ದಾಳೆ

ಪ್ರಶ್ನೆ: ಮಗಳಿಗೆ 16 ವರ್ಷ, ಪ್ರಥಮ ಪಿಯುಸಿ. ಕಾಲೇಜು ಕಬಡ್ಡಿ ತಂಡದಲ್ಲಿ ರೈಡರ್. ಪಂದ್ಯದಲ್ಲಿ ಮೊಣಕಾಲು ತಿರುಚಿ ಎಸಿಎಲ್ (ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಹರಿಯಿತು, ಆಪರೇಷನ್ ಆಗಿ ನಾಲ್ಕು ತಿಂಗಳು. ಮೊದಲು ಧೈರ್ಯವಾಗಿದ್ದಳು. ಈಗ ನೋವಿಲ್ಲ, ಚೆನ್ನಾಗಿ ನಡೆಯುತ್ತಾಳೆ; ಆದರೆ ವ್ಯಾಯಾಮ ಮಾಡು ಅಂದರೆ ರೇಗುತ್ತಾಳೆ, ಊಟ ಕಡಿಮೆ ಮಾಡಿದ್ದಾಳೆ, ಗೆಳತಿಯರ ಫೋನ್ ಎತ್ತುವುದಿಲ್ಲ. ಅವಳಪ್ಪ ‘ಆಟ ಸಾಕು, ಓದಲಿ’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಅಮ್ಮಾ, ಈ ಗಾಯದಲ್ಲಿ ಮನಸ್ಸು ಹೆಚ್ಚು ಕುಗ್ಗುವುದು ಹಲವರಿಗೆ ಇದೇ ಹೊತ್ತಿನಲ್ಲಿ. ಆಪರೇಷನ್ ಆದ ಹೊಸತರಲ್ಲಿ ನೋಡಲು ಬರುವವರಿರುತ್ತಾರೆ. ನೋವು ಹೋದ ಮೇಲೆ ‘ವಾಸಿಯಾಯ್ತಲ್ಲ’ ಎಂದು ಎಲ್ಲರೂ ಹಿಂದೆ ಸರಿಯುತ್ತಾರೆ, ಅಂಕಣ ಮಾತ್ರ ಇನ್ನೂ ದೂರವೇ. ಹರಿದ ಲಿಗಮೆಂಟ್ ಬದಲು ಆಪರೇಷನ್‌ನಲ್ಲಿ ಒಳಗೆ ಕೂರಿಸಿದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಲಿಗಮೆಂಟ್ ಆಗಿ ಮಾರ್ಪಡಲು ತಿಂಗಳುಗಟ್ಟಲೆ ಬೇಕು. ನೋವಿಲ್ಲ ಎಂದರೆ ಅದು ಗಟ್ಟಿಯಾಗಿದೆ ಎಂದಲ್ಲ. ಇದನ್ನು ಸರ್ಜನ್ ಅಥವಾ ಫಿಸಿಯೋ ಅವರೇ ಮಗಳಿಗೆ ನೇರವಾಗಿ ವಿವರಿಸಲಿ. ಕಾರಣ ತಿಳಿದರೆ ಕಾಯುವುದು ಶಿಕ್ಷೆ ಅನ್ನಿಸುವುದು ಕಡಿಮೆಯಾಗುತ್ತದೆ.

ಮೊದಲು ಊಟ. ತೂಕ ಹೆಚ್ಚಿದರೆ ತಂಡದಿಂದ ಬಿಡುತ್ತಾರೆ ಎಂಬ ಭಯ ಅವಳಿಗಿರಬಹುದು. ಆದರೆ ಕರಗಿದ ತೊಡೆಯ ಸ್ನಾಯು ತುಂಬಿಕೊಳ್ಳಲು ಮೂರು ಹೊತ್ತೂ ಮೊಟ್ಟೆ, ಬೇಳೆ, ಕಾಳು, ಮೊಸರಿನಲ್ಲಿ ಏನಾದರೂ ಬೇಕೇ ಬೇಕು. ಊಟ ಕಡಿಮೆಯಾಗಿ ಮುಟ್ಟು ನಿಂತಿದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಗೆಟ್ಟು, ಯಾವುದರಲ್ಲೂ ಆಸೆಯಿಲ್ಲದೆ ಎರಡು ವಾರ ಕಳೆದರೆ ಮನೋವೈದ್ಯರನ್ನು ಕಾಣಿ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅಂದೇ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

‘ಎಲ್ಲಾ ಸರಿಹೋಗುತ್ತೆ’ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಅವರೆಲ್ಲ ಆಡ್ತಿರುವಾಗ ನೀನು ಮನೇಲಿರೋದು ಕಷ್ಟ ಅಲ್ವಾ ಪುಟ್ಟಿ?’ ಎಂದು ಕೇಳಿ ಸುಮ್ಮನಿರಿ. ಅತ್ತರೆ ಅಳಲಿ. ಮೊಣಕಾಲಿನ ವಿಚಾರಣೆ ದಿನಕ್ಕೆ ಒಮ್ಮೆ ಸಾಕು.

ವ್ಯಾಯಾಮದ ಕಾವಲು ನಿಮಗೆ ಬೇಡ, ಲೆಕ್ಕ ಅವಳದ್ದೇ ಆಗಲಿ. ಒಂಟಿಕಾಲಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಳು ಎಂಬಂಥದ್ದು, ಫಿಸಿಯೋ ಒಪ್ಪಿದ್ದು ಮಾತ್ರ, ಎರಡೂ ಕಾಲಿನದು ಕ್ಯಾಲೆಂಡರಿನಲ್ಲಿ ಬರೆಯಲಿ. ಎರಡು ವಾರಕ್ಕೊಮ್ಮೆ ಅಳೆದರೆ ಸಾಕು. ದಿನವೂ ಅಳೆದರೆ ವ್ಯತ್ಯಾಸ ಕಾಣದೆ ಬೇಸರವಾಗುತ್ತದೆ. ಮರುದಿನ ಮೊಣಕಾಲು ಊದಿದರೆ ಹೆಚ್ಚಾಗಿ ಭಾರ ಮೀರಿದ ಸೂಚನೆ, ಆಪರೇಷನ್ ಕೆಟ್ಟಿತೆಂದಲ್ಲ. ಇದನ್ನು ಮೊದಲೇ ಹೇಳಿಡಿ, ಊದಿದಾಗ ಫಿಸಿಯೋಗೆ ತಿಳಿಸಿ.

ತಂಡದಲ್ಲಿ ಅವಳಿಗೊಂದು ಕೆಲಸ ಕೊಡುವಂತೆ ಕೋಚ್ ಅವರನ್ನು ಕೇಳಿ. ಎದುರಾಳಿ ರೈಡರ್ ಯಾವ ಮೂಲೆಗೆ ನುಗ್ಗುತ್ತಾಳೆ, ಬೋನಸ್ ಅಂಕ ಎಷ್ಟು ತೆಗೆದಳು ಎಂದು ವಾರಕ್ಕೆ ಎರಡು ದಿನ ಬರೆದುಕೊಳ್ಳಲಿ. ಬರೀ ನೋಡುತ್ತಾ ಕೂತರೆ ಸಂಕಟ ಹೆಚ್ಚು. ಹೋಗಿಬಂದ ದಿನ ಇನ್ನಷ್ಟು ಕುಗ್ಗಿದರೆ ಬಲವಂತ ಬೇಡ.

ಆಟ ಬಿಡಿಸುವ ತೀರ್ಮಾನ ಈಗ ಬೇಡವೆಂದು ಯಜಮಾನರಿಗೆ ಹೇಳಿ. ಅವರ ಭಯ ಸಹಜವೇ. ಅದಕ್ಕೆ ಉತ್ತರ ಅವಸರಪಡದಿರುವುದು. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಆಪರೇಷನ್ ಆದ ಮೇಲೆ ಆಟಕ್ಕೆ ಮರಳದೆ ಒಂಬತ್ತು ತಿಂಗಳವರೆಗೆ ಕಾದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ಆಟಕ್ಕೆ ಮರಳುವ ಮುನ್ನ ತೊಡೆಯ ಬಲವೂ ಇನ್ನೊಂದು ಕಾಲಿನ ಶೇ 90 ಆದರೂ ಮುಟ್ಟಬೇಕು.

ಅಷ್ಟಾದರೂ ಅಂಕಣದಲ್ಲಿ ಭಯವಿರಬಹುದು, ಅದನ್ನು ಪುಕ್ಕಲುತನ ಅನ್ನಬೇಡಿ. ಸರ್ಜನ್ ಒಪ್ಪಿದ ಮೇಲೆ ಮೊದಲು ಖಾಲಿ ಮ್ಯಾಟಿನಲ್ಲಿ ರೈಡ್, ಆಮೇಲೆ ನಂಬಿಕೆಯ ಗೆಳತಿ ಕೈ ಮುಟ್ಟುವಷ್ಟು, ಕೊನೆಗೆ ಅರ್ಧ ಬಲದಲ್ಲಿ ಕಾಲು ಹಿಡಿಯುವುದು. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂದು ಅವಳೇ ಹೇಳಲಿ.