ಪ್ರತಿ: ಕುಂದಾದ್ರಿ ಇಳಿಯುವಾಗ ಮಂಡಿ ನೋವು

ಮೂರು ತಿಂಗಳಿಂದ ಓಡುತ್ತಿದ್ದೀರಿ, ಕುಂದಾದ್ರಿ ಬೆಟ್ಟ ಇಳಿಯುವಾಗ ಮಂಡಿ ನೋಯುತ್ತದೆ, ಹತ್ತು ವರ್ಷ ಓಡಿದ ಗೆಳೆಯನಿಗೆ ಮಾತ್ರ ಏನೂ ಆಗಲ್ಲ, ಯಾಕೆ ಅಂತ ಕೇಳಿದ್ದೀರಿ.

ಮುಂದಿನ ಸಲ ಒಟ್ಟಿಗೆ ಇಳಿಯುವಾಗ ಇಬ್ಬರ ಕಾಲಿನ ಸದ್ದು ಕೇಳಿಸಿಕೊಳ್ಳಿ. ನಿಮ್ಮದು ದಪ್ ದಪ್, ಅವರದು ಪಟಪಟ ಅಂತ ಬೇಗ ಬೇಗ ಬೀಳುತ್ತಿರಬಹುದು. ಹೊಸಬರು ವೇಗಕ್ಕಾಗಿ ಹೆಜ್ಜೆ ಉದ್ದ ಮಾಡುವುದು ಜಾಸ್ತಿ. ಪಾದ ಮೈಗಿಂತ ತುಂಬ ಮುಂದೆ ಬೀಳುತ್ತದೆ, ಮಂಡಿ ನೆಟ್ಟಗಿರುತ್ತದೆ. ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ, ಅಲ್ವಾ? ಪಳಗಿದವರ ಪಾದ ಹೆಚ್ಚುಕಮ್ಮಿ ಸೊಂಟದ ಕೆಳಗೇ ಬೀಳುತ್ತದೆ, ಮಂಡಿ ಸ್ವಲ್ಪ ಬಾಗಿರುತ್ತದೆ. ಸುಸ್ತಾದಾಗ ಹೊಸಬರ ಮೈ ಮುಂದಕ್ಕೆ ಬಾಗುವುದೂ ಹೆಚ್ಚು.

ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ಕೆಲಸ ನಿಮ್ಮ ಗೆಳೆಯನ ಕಾಲಿಗೆ ರೂಢಿಯಾಗಿದೆ, ನಿಮ್ಮದಕ್ಕೆ ಇನ್ನೂ ಆಗಬೇಕು.

ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ. 160 ಇದ್ದರೆ ಅದೇ ವೇಗದಲ್ಲಿ 168 ಮಾಡಿ ನೋಡಿ. ಶೇ 5ರಿಂದ 10ರಷ್ಟು ಹೆಚ್ಚಿಸಿದರೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಮೊದಲು ಸಮತಟ್ಟು ರಸ್ತೆಯಲ್ಲಿ ಅಭ್ಯಾಸ ಮಾಡಿ, ಶಿವಮೊಗ್ಗಕ್ಕೆ ಬಂದರೆ ನೆಹರೂ ಕ್ರೀಡಾಂಗಣದಲ್ಲೂ ಆಗುತ್ತದೆ. ನನಗೆ ಇದನ್ನು ಕಲಿಸಿದ್ದು ಮಳೆಗಾಲ. ಪಾಚಿ ಹಿಡಿದ ರಸ್ತೆಯಲ್ಲಿ ಉದ್ದ ಹೆಜ್ಜೆ ಇಟ್ಟರೆ ಜಾರಿ ಬೀಳುವುದೇ. ಚಿಕ್ಕ ಹೆಜ್ಜೆ ತಾನಾಗಿಯೇ ಬಂತು.

ಹಿಮ್ಮಡಿ ಬಿಟ್ಟು ಮುಂಗಾಲಲ್ಲಿ ಓಡಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಬದಲಾಯಿಸಬೇಡಿ. ಪಳಗಿದವರಲ್ಲೂ ಹಿಮ್ಮಡಿ ಮೊದಲು ಊರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಂಡಿ ಊದಿದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.