ಮೂರೇ ದಿನಕ್ಕೆ ಪ್ರಬಂಧ ಒಪ್ಪಿದ ಜರ್ನಲ್‌ಗೆ ದುಡ್ಡು ಕಟ್ಟಬೇಕೇ?

ಸಂಶೋಧನಾ ಪ್ರಕಟಣೆಯ ನೀತಿ–ನಿಯಮಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪಿಎಚ್‌.ಡಿ. ವಿದ್ಯಾರ್ಥಿನಿ. ಅರೇಬಿಕಾ ಕಾಫಿ ತೋಟಗಳಲ್ಲಿ ನೆರಳಿಗೂ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೂ ಇರುವ ನಂಟಿನ ಬಗ್ಗೆ ಪ್ರಬಂಧ ಬರೆದಿದ್ದೇನೆ. ಇಮೇಲ್‌ನಲ್ಲಿ ಬಂದ ಆಹ್ವಾನ ನೋಡಿ ಒಂದು ‘ಅಂತರರಾಷ್ಟ್ರೀಯ’ ಜರ್ನಲ್‌ಗೆ ಕಳಿಸಿದೆ. ಒಂದೂ ತಿದ್ದುಪಡಿ ಹೇಳದೆ ಮೂರೇ ದಿನಕ್ಕೆ ಒಪ್ಪಿದ್ದಾರೆ. ಈಗ ಶುಲ್ಕ ಕಟ್ಟಿ, ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿ ಅಂತಿದ್ದಾರೆ. ಐಎಸ್‌ಎಸ್‌ಎನ್ ಇದೆ, ‘ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಅನುಮೋದಿತ’ ಅಂತಲೂ ಇದೆ. ಕಟ್ಟಲೇ? ಬೇಡವಾದರೆ ಈಗಲೇ ಬೇರೆ ಕಡೆ ಕಳಿಸಲೇ?
– ಮೂಡಿಗೆರೆ

ಉತ್ತರ: ದುಡ್ಡು ಕಟ್ಟಬೇಡಿ, ಸಹಿಯನ್ನೂ ಹಾಕಬೇಡಿ. ಹಾಗಂತ ಇವತ್ತೇ ಬೇರೆ ಕಡೆ ಕಳಿಸಲೂ ಬೇಡಿ. ಮೊದಲು ಅಲ್ಲಿಂದ ಪ್ರಬಂಧ ವಾಪಸ್ ಪಡೆಯಿರಿ.

ನನಗೆ ಅನುಮಾನ ಬಂದಿದ್ದು ದುಡ್ಡು ಕೇಳಿದ್ದಕ್ಕಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಎಷ್ಟೋ ಪ್ರಾಮಾಣಿಕ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಎಷ್ಟು ಅಂತ ಮೊದಲೇ ಹೇಳಿರುತ್ತವೆ. ನನ್ನ ಅನುಮಾನ ಆ ಮೂರು ದಿನದ ಮೇಲೆ. ವಿಷಯ ಬಲ್ಲವರು ಓದಿದ್ದರೆ ಸುಮ್ನೆ ಬಿಡುತ್ತಿದ್ದರಾ? ಗಿಡದ ವಯಸ್ಸೆಷ್ಟು, ಯಾವ ತಳಿ, ನೆರಳನ್ನು ಹೇಗೆ ಅಳೆದಿರಿ ಅಂತ ಕೇಳುತ್ತಿದ್ದರು. ಕಾಂಡಕೊರಕದ ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಎರಡೂ ಅವಧಿಯಲ್ಲಿ ತೋಟ ನೋಡಿದ್ದೀರಾ ಅಂತ ಕೇಳುತ್ತಿದ್ದರು. ನಿಮಗೆ ಒಂದು ಪ್ರಶ್ನೆಯೂ ಬಂದಿಲ್ಲ. ಯಾರೂ ಓದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇದು ನಿಮ್ಮ ಬಯೋಡೇಟಾದ ವಿಷಯ ಮಾತ್ರ ಅಲ್ಲ. ಕಾಂಡಕೊರಕ ಹೊಕ್ಕ ಗಿಡವನ್ನು ಬೆಳೆಗಾರರು ಕಿತ್ತು ಸುಡಬೇಕಾಗುತ್ತದೆ. ಬಿಸಿಲು ಬೀಳುವ ಕಡೆ ಈ ಹುಳುವಿನ ಕಾಟ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದ್ದು, ಅದನ್ನು ನಂಬಿ ಯಾರೋ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಜಾಸ್ತಿ ಮಾಡಿಸಿದರೆ ನಷ್ಟ ಅವರಿಗೆ. ಆ ತಪ್ಪು ಅಚ್ಚಾಗುವ ಮುಂಚೆ ಸಿಕ್ಕಿಬೀಳಲಿ ಅಂತಲೇ ವಿಮರ್ಶಕರು ಇರುವುದು. ಅವರಿಲ್ಲದ ಜರ್ನಲ್ ನಿಮಗೂ ಮೋಸ, ಬೆಳೆಗಾರರಿಗೂ ಮೋಸ.

ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ. ಅದನ್ನು ಕೊಡುವಾಗ ಗುಣಮಟ್ಟ ನೋಡುವುದಿಲ್ಲ. ಯುಜಿಸಿಯ ಹೆಸರೂ ಈಗ ಆಸರೆಗೆ ಬರುವುದಿಲ್ಲ. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಆಮೇಲೆ ಬಂದ, ಒಪ್ಪಿತ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಜರ್ನಲ್ ಆರಿಸುವ ಹೊಣೆ ಈಗ ನಿಮ್ಮದು, ನಿಮ್ಮ ಗೈಡ್‌ದು, ನಿಮ್ಮ ಸಂಸ್ಥೆಯದು. ಆದ್ದರಿಂದ ಜರ್ನಲ್‌ನವರು ಹಾಕಿಕೊಂಡ ಲೋಗೋ ನಂಬಬೇಡಿ. ‘ಸ್ಕೋಪಸ್‌ನಲ್ಲಿದೆ’ (ಅದು ಸಂಶೋಧನಾ ಪ್ರಕಟಣೆಗಳ ಒಂದು ಸೂಚಿ) ಅಂದರೆ ಸ್ಕೋಪಸ್‌ನ ಸ್ವಂತ ತಾಣದಲ್ಲೇ ಹುಡುಕಿ. ಪ್ರಕಟಣಾ ನೀತಿಗಾಗಿ 1997ರಲ್ಲಿ ಶುರುವಾದ ‘ಕೋಪ್’ ಸಮಿತಿಯ ಸದಸ್ಯರು ಅಂದರೆ ಅದರ ಪಟ್ಟಿ ನೋಡಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಇಮೇಲ್ ಬರೆದು ಕೇಳಿ. ತಮ್ಮ ಹೆಸರು ಅಲ್ಲಿದೆ ಅನ್ನುವುದೇ ಗೊತ್ತಿಲ್ಲದವರು ಇರುತ್ತಾರೆ. ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನದ ಮೇಲೆ ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ ಇವೇ ದೂರುಗಳಿದ್ದವು: ಸುಳ್ಳು ವಿಮರ್ಶೆ, ಮುಚ್ಚಿಟ್ಟ ಶುಲ್ಕ, ಒಪ್ಪದವರ ಹೆಸರು ಹಾಕಿದ್ದು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರ್‌ಗಿಂತ ಹೆಚ್ಚು ಕಟ್ಟಲು ಆದೇಶಿಸಿತು.

ಈಗ ಮಾಡಬೇಕಾದ್ದು. ಎಲ್ಲ ಲೇಖಕರ ಹೆಸರಲ್ಲಿ ‘ಪ್ರಬಂಧ ಹಿಂಪಡೆಯುತ್ತಿದ್ದೇವೆ, ಪ್ರಕಟಣೆಗೆ ಒಪ್ಪಿಗೆ ಇಲ್ಲ’ ಅಂತ ಇಮೇಲ್ ಮಾಡಿ, ಲಿಖಿತ ಉತ್ತರ ಕೇಳಿ. ಒಂದೇ ಪ್ರಬಂಧ ಒಂದೇ ಸಮಯಕ್ಕೆ ಎರಡು ಜರ್ನಲ್‌ಗಳ ಮುಂದಿರಬಾರದು. ವಿಜ್ಞಾನ ಜರ್ನಲ್‌ಗಳಲ್ಲಿ ಅದು ನೀತಿಭಂಗವೇ. ಹಿಂಪಡೆಯಲು ದಂಡ ಕೇಳಿದರೆ ಹೆದರಬೇಡಿ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿ ಸಮೇತ ಆಗಬೇಕು. ನೀವಿನ್ನೂ ಸಹಿ ಹಾಕಿಲ್ಲ ಅಲ್ವಾ? ಉತ್ತರವೇ ಬರದಿದ್ದರೆ ಪತ್ರಗಳನ್ನೆಲ್ಲ ಗೈಡ್‌ಗೆ ತೋರಿಸಿ. ಆಮೇಲೆ ಹೊಸ ಜರ್ನಲ್‌ನ ಸಂಪಾದಕರಿಗೆ ನಡೆದದ್ದನ್ನು ಮುಚ್ಚಿಡದೆ ತಿಳಿಸಿ, ಅವರು ಒಪ್ಪಿದರೆ ಕಳಿಸಿ.

ಥೀಸಿಸ್ ಕೊಡೋಕೆ ತಡವಾಗುತ್ತೆ ಅನ್ನುವ ಭಯ ಇದ್ದರೆ ಇನ್ನೊಂದು ಮಾತು. ಅದಕ್ಕೂ ಮುಂಚೆ ಪ್ರಬಂಧ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಅಂತ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಆಲೂಗಡ್ಡೆ ಅಂಗಮಾರಿ ರೋಗದ ಬಗ್ಗೆ ಪ್ರಬಂಧ ಸಿದ್ಧವಾಗಿದೆ. ಲ್ಯಾಬ್ ಬಳಸಲು ಬಿಟ್ಟಿದ್ದಕ್ಕೆ ವಿಭಾಗದ ಮುಖ್ಯಸ್ಥರು ತಮ್ಮ ಹೆಸರು ಸೇರಿಸಿ ಅಂತಾರೆ. ಹೊಲ ಹೊಲ ಸುತ್ತಿ ಮಾದರಿ ತಂದು, ಪರೀಕ್ಷೆ ಮಾಡಿದ ಎಂ.ಎಸ್ಸಿ. ಹುಡುಗನ ಹೆಸರು ಬೇಡವಂತೆ.
– ಹಾಸನ

ಉತ್ತರ: ಇದು ತಲೆಕೆಳಗಾದ ನ್ಯಾಯ. ನನಗೆ ಬರುವ ಪತ್ರಗಳಲ್ಲಿ ತುಂಬಾ ನೋವು ಕೊಡುವುದು ಇಂಥವೇ.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಬೇರೆ ಕ್ಷೇತ್ರಗಳಲ್ಲೂ ಅದನ್ನು ಒಪ್ಪುವವರಿದ್ದಾರೆ. ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಟ್ಟಿ ಪಾಲಿರಬೇಕು. ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಡಬೇಕು. ಪ್ರಶ್ನೆ ಬಂದರೆ ಉತ್ತರ ಹೇಳಲು ಸಿದ್ಧರಿರಬೇಕು. ನಾಲ್ಕೂ ಬೇಕು. ಲ್ಯಾಬ್ ಕೊಡಿಸಿದ್ದಕ್ಕೆ ಕೃತಜ್ಞತೆಯ ಸಾಲು ಸಾಕು. ಹುಡುಗನಿಗೆ ಮೊದಲ ಅರ್ಹತೆ ಆಗಲೇ ಬಂದಿದೆ. ಕರಡು ಅವನ ಕೈಗೆ ಕೊಡಿ, ತಿದ್ದಲು ಹೇಳಿ. ಅಂಥವರಿಗೆ ಆ ಅವಕಾಶ ಕೊಡಬೇಕು ಅಂತ ಅದೇ ಸಮಿತಿ ಹೇಳುತ್ತದೆ.

ಮುಖ್ಯಸ್ಥರ ಮುಂದೆ ಇದನ್ನು ಹೇಳುವುದು ಕಷ್ಟ ಅಂತ ನನಗೆ ಗೊತ್ತು. ಜಗಳಕ್ಕೆ ಹೋಗಬೇಡಿ. ಯಾರು ಏನು ಮಾಡಿದರು ಅಂತ ತುಂಬುವ ಪಟ್ಟಿಯನ್ನು ಈಗ ಎಷ್ಟೋ ಜರ್ನಲ್‌ಗಳು ಕೇಳುತ್ತವೆ. ಅದಕ್ಕೆ ‘ಕ್ರೆಡಿಟ್’ ಅಂತ ಹೆಸರು, 14 ಬಗೆಯ ಕೆಲಸಗಳಿವೆ. ಆ ಹಾಳೆ ಅವರ ಮುಂದಿಟ್ಟು, ‘ಸರ್, ನಿಮ್ಮ ಹೆಸರಿನ ಮುಂದೆ ಏನು ಬರೆಯಲಿ?’ ಅಂತ ಗೌರವದಿಂದಲೇ ಕೇಳಿ. ಮುಂದಿನ ಸಲ ಕೆಲಸ ಶುರುವಾಗುವ ಮುಂಚೆಯೇ ಈ ಮಾತು ಮುಗಿಸಿಕೊಳ್ಳಿ.

ಪ್ರಶ್ನೆ: ಸಾಫ್ಟ್‌ವೇರ್‌ನಲ್ಲಿ ಹೋಲಿಕೆ ಶೇ 10ಕ್ಕಿಂತ ಕಡಿಮೆ ಬಂದರೆ ಕೃತಿಚೌರ್ಯ ಇಲ್ಲ ಅಂತ ತಾನೇ?
– ಬೇಲೂರು

ಉತ್ತರ: ಅಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದು ನಿಜ. ಶೇ 60 ದಾಟಿದರೆ ಪಿಎಚ್‌.ಡಿ. ನೋಂದಣಿಯೇ ರದ್ದಾಗುತ್ತದೆ. ಆದರೆ ಸಾಫ್ಟ್‌ವೇರ್ ಎಣಿಸುವುದು ಪದಗಳ ಹೋಲಿಕೆಯನ್ನು. ಯಾರದೋ ಕನ್ನಡ ಥೀಸಿಸ್‌ನ ಅಧ್ಯಾಯವನ್ನು ಇಂಗ್ಲಿಷಿಗೆ ಇಳಿಸಿ ತನ್ನದು ಅಂದರೆ ಯಂತ್ರ ಶೇ 2 ಅಂತ ತೋರಿಸಬಹುದು. ಅದು ಪೂರ್ತಿ ಕಳ್ಳತನ. ಕನ್ನಡದಲ್ಲಿ ದುಡಿದವರ ಶ್ರಮ ಹೀಗೆ ಹೆಸರಿಲ್ಲದೆ ಹೋಗಬಾರದು. ಇನ್ನೊಂದು ಕಡೆ, ಸರಿಯಾಗಿ ಆಕರ ಹೇಳಿದ ಉದ್ಧರಣೆಗಳಿಂದಲೇ ಅಂಕಿ ಏರಿರಬಹುದು. ವರದಿಯನ್ನು ಸಾಲು ಸಾಲಾಗಿ ಓದಬೇಕು, ಮೊದಲ ಪುಟದ ಸಂಖ್ಯೆ ನೋಡಿ ಮುಗಿಸಬಾರದು.

ಪ್ರಶ್ನೆ: ಇಂಗ್ಲಿಷಿನಲ್ಲಿ ಪ್ರಕಟವಾದ ನನ್ನ ಪ್ರಬಂಧವನ್ನೇ ಬೆಳೆಗಾರರಿಗಾಗಿ ಕನ್ನಡದಲ್ಲಿ ಪ್ರಕಟಿಸಿದರೆ ತಪ್ಪೇ?
– ಸಕಲೇಶಪುರ

ಉತ್ತರ: ತಪ್ಪಲ್ಲ, ದಯವಿಟ್ಟು ಮಾಡಿ. ಪ್ರಬಂಧವನ್ನೇ ಅನುವಾದಿಸುವುದಾದರೆ ಹಕ್ಕು ಯಾರ ಬಳಿ ಇದೆ ನೋಡಿ, ಎರಡೂ ಕಡೆಯ ಸಂಪಾದಕರ ಒಪ್ಪಿಗೆ ಪಡೆಯಿರಿ. ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತು ಅಂತ ಮೊದಲ ಪುಟದಲ್ಲೇ ಹೇಳಿ. ಬಯೋಡೇಟಾದಲ್ಲಿ ಇದನ್ನು ಎರಡನೇ ಸಂಶೋಧನೆ ಅಂತ ಎಣಿಸಬೇಡಿ. ಬರೀ ಫಲಿತಾಂಶವನ್ನು ನಿಮ್ಮದೇ ಮಾತಿನಲ್ಲಿ ಬೆಳೆಗಾರರಿಗೆ ತಿಳಿಸುವ ಲೇಖನವಾದರೆ ಒಪ್ಪಿಗೆಗೆ ಕಾಯಬೇಕಿಲ್ಲ. ಮೂಲ ಪ್ರಬಂಧದ ವಿವರ ಕೊಟ್ಟರಾಯಿತು.