ಒಂದೇ ಮನೆಗೆ ಎರಡು ಕಿಟ್ ಯಾಕೆ ಹೋಯಿತು?

ಕೊಡಗಿನ ಸಿದ್ದಾಪುರದ ಹತ್ತಿರದ ಓದುಗರೊಬ್ಬರು ಬರೆದಿದ್ದಾರೆ: "ಮಳೆಗಾಲದಲ್ಲಿ ನಮ್ಮ ಚರ್ಚಿನ ಯುವಕರು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಗೆ (ಸಾಲುಮನೆಗಳಿಗೆ) ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕೊಟ್ಟರು. ಮುಂದಿನ ವಾರ ಒಂದು ಸೇವಾ ಸಂಸ್ಥೆಯವರು ಅದೇ ಲೈನಿಗೆ ಬಂದು ಅಂಥದ್ದೇ ಕಿಟ್ ಕೊಟ್ಟು ಹೋದರು. ಪಕ್ಕದ ತೋಟಕ್ಕೆ ಕೂಲಿಗೆ ಬಂದ ಅಸ್ಸಾಮಿನವರಿಗೆ ಯಾರೂ ಏನೂ ಕೊಡಲಿಲ್ಲ. ಸೇರಿ ಕೆಲಸ ಮಾಡೋಣ ಅಂದರೆ ನಮ್ಮವರು 'ಅವರು ಫೋಟೊ ಹೊಡೆಸಿಕೊಳ್ಳೋದಕ್ಕೆ ಬರ್ತಾರೆ' ಅಂತಾರೆ. ಅವರು 'ಚರ್ಚ್ ಜೊತೆ ಹೋದರೆ ಮತಾಂತರದ ಮಾತು ಬರುತ್ತೆ' ಅಂತಾರೆ. ಧರ್ಮಪ್ರಾಂತ್ಯಕ್ಕೆ ಬರುವ ವಿದೇಶಿ ಹಣದಲ್ಲಿ ಸ್ವಲ್ಪ ಆ ಸಂಸ್ಥೆಗೆ ಕೊಡಿಸಿದರೆ ಸರಿಹೋಗುತ್ತಾ?"

ಮೊದಲು ಹಣದ ವಿಷಯ ಮುಗಿಸಿಬಿಡೋಣ. ಅದು ಆಗುವುದಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಒಬ್ಬರಿಗೆ ಬಂದ ವಿದೇಶಿ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಪಡೆಯುವವರಿಗೂ ನೋಂದಣಿ ಇದೆ ಅಂದರೂ ನಡೆಯದು. ಅದಕ್ಕೂ ಮೊದಲು ದೊಡ್ಡ ಸಂಸ್ಥೆಗಳು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಣ ಹಂಚುತ್ತಿದ್ದವು. ಆ ದಾರಿ ಈಗ ಮುಚ್ಚಿದೆ. ಊರಲ್ಲೇ ಎತ್ತಿದ ಹಣಕ್ಕೆ ಈ ತೊಡಕಿಲ್ಲ. ಎತ್ತಿ, ರಸೀದಿ ಕೊಡಿ, ಲೆಕ್ಕ ಇಡಿ.

ಆದರೆ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಅಲ್ಲಿ ಹಣಕ್ಕೆ ಕೊರತೆ ಎಲ್ಲಿದೆ? ಒಂದೇ ಮನೆಗೆ ಎರಡು ಸಲ ಅಕ್ಕಿ ಹೋಗಿದೆ ಅಂದರೆ ಅಕ್ಕಿ ಸಾಕಷ್ಟಿತ್ತು ಅಂತಲೇ ಅರ್ಥ. ಇಲ್ಲದಿದ್ದದ್ದು ಒಂದು ಪಟ್ಟಿ. ಯಾವ ಲೈನಲ್ಲಿ ಯಾರಿದ್ದಾರೆ, ಎಷ್ಟು ಜನ, ಯಾರಿಗೆ ಕಾಯಿಲೆ, ಯಾರ ಹತ್ತಿರ ಯಾವ ಕಾಗದ ಇಲ್ಲ ಅನ್ನುವ ಪಟ್ಟಿ.

2018ರ ಆಗಸ್ಟ್‌ನಲ್ಲೂ ಇದೇ ಆಗಿತ್ತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಶಾಲೆ, ಕಲ್ಯಾಣ ಮಂಟಪ, ಸಮುದಾಯ ಭವನ ಎಲ್ಲ ತುಂಬಿಹೋದವು. ರಾಜ್ಯದ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ಹಳೇ ಬಟ್ಟೆ ರಾಶಿ ಬಿತ್ತು. ಬೇಕಾಗಿದ್ದದ್ದು ಒಳಉಡುಪು, ಹೆಂಗಸರ ಪ್ಯಾಡ್, ಬಿಪಿ-ಶುಗರ್ ಮಾತ್ರೆ. ಸ್ವಲ್ಪ ದಿನ ಕಳೆದ ಮೇಲೆ ಅದಕ್ಕಿಂತ ದೊಡ್ಡ ತಲೆನೋವು ಶುರುವಾಯಿತು. ಪಹಣಿ, ರೇಷನ್ ಕಾರ್ಡ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಮಣ್ಣಿನ ಅಡಿಯಲ್ಲಿ. ಕಾಗದವಿಲ್ಲದೆ ಪರಿಹಾರ ಕೇಳುವುದು ಹೇಗೆ? ಕಂಬಳಿ ಕೊಡಲು ಎಷ್ಟು ಕೈ ಬೇಕಾದರೂ ಇದ್ದವು. ತಾಲ್ಲೂಕು ಕಚೇರಿಯ ಸಾಲಿನಲ್ಲಿ ಜೊತೆಗೆ ನಿಲ್ಲಲು ಬಂದವರು ಕಮ್ಮಿ. ಮರುವರ್ಷ ಕರಡಿಗೋಡು, ನೆಲ್ಯಹುದಿಕೇರಿಗೆ ಕಾವೇರಿ ನುಗ್ಗಿದಾಗಲೂ ಅದೇ ಕಥೆ. ಅದು ನಿಮ್ಮ ಹಿತ್ತಲಲ್ಲೇ ನಡೆದದ್ದು, ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಈಗ ನಿಮ್ಮ ಅಸ್ಸಾಮಿನವರ ವಿಷಯ. ಅವರಿಗೆ ಕಿಟ್ ಸಿಗಲಿಲ್ಲ ಅನ್ನುವುದಕ್ಕಿಂತ ನನಗೆ ಕಾಡಿದ್ದು ಬೇರೆ. ಇಲ್ಲೇ ರೇಷನ್ ತಗೊಳ್ಳಬಹುದು ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ? ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ಅಸ್ಸಾಂ ಎಲ್ಲ ರಾಜ್ಯಗಳಿಗಿಂತ ಕೊನೆಗೆ, 2022ರ ಜೂನ್‌ನಲ್ಲಿ ಸೇರಿತು. ಅಂದರೆ ಅಲ್ಲಿನ ಆಹಾರ ಭದ್ರತೆ ಕಾರ್ಡ್ ಇರುವವರು, ಆಧಾರ್ ಜೋಡಣೆ ಆಗಿದ್ದರೆ, ಸಿದ್ದಾಪುರದ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳು ಒತ್ತಿ ತಮ್ಮ ಪಾಲು ತಗೊಳ್ಳಬಹುದು. ಕೇಂದ್ರದ ಪಾಲು ತಲೆಗೆ ತಿಂಗಳಿಗೆ 5 ಕೆಜಿ. ನಮ್ಮ ರಾಜ್ಯ ಅದರ ಮೇಲೆ ಕೊಡುವುದು ಇದರಲ್ಲಿ ಸೇರುವುದಿಲ್ಲ. ಊರಲ್ಲಿ ಉಳಿದವರೂ ಅದೇ ಕಾರ್ಡಿನಲ್ಲಿದ್ದರೆ ಅವರ ಪಾಲು ಅಲ್ಲೇ ತಗೊಂಡು, ಇಲ್ಲಿರುವವರು ತಮ್ಮಷ್ಟನ್ನು ಇಲ್ಲಿ ತಗೊಳ್ಳಲೂ ಬರುತ್ತದೆ.

ಇದು ಸಂಸ್ಥೆಯವರಿಗೆ ಗೊತ್ತಿರುತ್ತದೆ, ಅವರ ಕೆಲಸವೇ ಅದು. ಆದರೆ ಲೈನ್ ಮನೆ ಬಾಗಿಲಿಗೆ ಹೋಗಲು ಅವರಿಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಿಡಬೇಕು, ಸಾಹುಕಾರರು ಒಪ್ಪಬೇಕು. ನಿಮಗೆ ಈ ರೇಷನ್ ನಿಯಮ ಗೊತ್ತಿರಲಾರದು. ಆದರೆ ಆ ತೋಟದ ಮಾಲೀಕರು ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲೇ ಕೂತಿರಬಹುದು. ಒಂದು ಮಾತು ನೀವು ಹೇಳಿದರೆ ಗೇಟು ತೆರೆಯುತ್ತದೆ. ನಿಮ್ಮಿಬ್ಬರ ಕೆಲಸ ಎಲ್ಲಿ ಕೂಡುತ್ತದೆ ಅಂತ ಕೇಳಿದರೆ ನಾನು ಈ ಗೇಟನ್ನೇ ತೋರಿಸುತ್ತೇನೆ.

ಬೆಂಚಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೊಡಗಿನ ಚರ್ಚುಗಳಲ್ಲಿ ತೋಟದ ಮಾಲೀಕರೂ ಇದ್ದಾರೆ, ಅವರ ತೋಟದಲ್ಲೇ ಕಾಫಿ ಕೊಯ್ಯುವವರೂ ಇದ್ದಾರೆ. ಅಕ್ಕಿ ಹಂಚುವವರೆಗೆ ಎಲ್ಲರೂ ಒಂದೇ. ಸಂಸ್ಥೆಯವರು ಲೈನ್ ಮನೆಯ ಸೋರುವ ಸೂರು, ಶೌಚಾಲಯ, ಕೂಲಿ ಅಂತ ಬಾಯಿ ತೆರೆದ ದಿನ ಮುಂದಿನ ಬೆಂಚಿನವರ ಮುಖ ಗಂಟಾಗುತ್ತದೆ. 'ಫೋಟೊ ಹೊಡೆಸಿಕೊಳ್ತಾರೆ' ಅನ್ನುವ ದೂರಿನ ಹಿಂದೆ ಈ ಅಳುಕೂ ಸ್ವಲ್ಪ ಇರಬಹುದು ಅಂತ ನನ್ನ ಗುಮಾನಿ. ತಪ್ಪು ತಿಳಿಯಬೇಡಿ. ಸಭೆಗೆ ಕೂರುವ ಮೊದಲೇ ನಿಮ್ಮ ಫಾದರ್ ಹತ್ತಿರ ಇದನ್ನು ಬಿಡಿಸಿ ಮಾತಾಡಿ. ಸಂಸ್ಥೆ ಕೂಲಿಯ ಪ್ರಶ್ನೆ ಎತ್ತಿದರೆ ಚರ್ಚು ಏನು ಮಾಡುತ್ತದೆ? ಸುಮ್ಮನಿರುತ್ತದಾ, ಜೊತೆಗಿರುತ್ತದಾ? ಉತ್ತರ ಯಾವುದೇ ಇರಲಿ, ಮೊದಲೇ ಗೊತ್ತಿದ್ದರೆ ಆಮೇಲೆ ಮನಸ್ತಾಪ ಇರುವುದಿಲ್ಲ.

ಮತಾಂತರದ ಮಾತಿಗೆ ಸಿಟ್ಟಾಗಬೇಡಿ. ನಮ್ಮಲ್ಲಿ ಅದಕ್ಕೊಂದು ಹಿನ್ನೆಲೆ ಇದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರತಂದ ಹರ್ಮನ್ ಮೋಗ್ಲಿಂಗ್, ನಮ್ಮಂಥ ಪತ್ರಿಕೆಯವರಿಗೆಲ್ಲ ಹಿರಿಯರು, 1850ರ ದಶಕದಲ್ಲಿ ಕೊಡಗಿಗೆ ಬಂದದ್ದು ಮಿಷನರಿಯಾಗಿ. ನಿಮ್ಮ ಕಡೆಯ ಆನಂದಪುರ ಹುಟ್ಟಿದ್ದು ಆ ಕೆಲಸದಿಂದಲೇ. ಅದೇ ಕೊಡಗಿನಲ್ಲಿ ಇನ್ನೊಂದು ಕಥೆಯೂ ಇದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟವರು ಲಿಂಗಾಯತ ಅರಸ ದೊಡ್ಡವೀರರಾಜೇಂದ್ರ. ಅಲ್ಲಿನ ಸಂತ ಅನ್ನಮ್ಮನ ಚರ್ಚು ಹಾಗೆ ಬೆಳೆದದ್ದು. ಇವೆರಡನ್ನೂ ಜನ ನೆನಪಿಟ್ಟಿದ್ದಾರೆ. ಹಾಗಾಗಿ ಅನುಮಾನಕ್ಕೆ ಭಾಷಣದಲ್ಲಿ ಉತ್ತರ ಕೊಡಲು ಹೋಗಬೇಡಿ. ಕೆಲಸದ ರೀತಿ ಬದಲಿಸಿ. ಚೀಲದ ಮೇಲೆ ಶಿಲುಬೆಯ ಸ್ಟಿಕ್ಕರ್ ಬೇಡ. ಲೈನಲ್ಲಿ, ಆದಿವಾಸಿಗಳ ಹಾಡಿಯಲ್ಲಿ ಆ ದಿನ ಪ್ರಾರ್ಥನೆ ಬೇಡ, ನಿಮ್ಮ ಪ್ರಾರ್ಥನೆ ಚರ್ಚಿನಲ್ಲಿ ಮುಗಿಸಿ ಹೊರಡಿ. ಆಧಾರ್ ಜೋಡಣೆಗೆ ಕ್ಯಾಂಪ್ ಮಾಡುವುದಾದರೆ ಚರ್ಚ್ ಹಾಲಿನ ಬದಲು ಪಂಚಾಯಿತಿಯಲ್ಲೋ ಅಂಗನವಾಡಿಯಲ್ಲೋ ಇಡಿ. ಮಸೀದಿಯ ಜಮಾಅತ್‌ನವರನ್ನೂ ಕರೆಯಿರಿ, ಅಸ್ಸಾಮಿನಿಂದ ಬಂದವರಲ್ಲಿ ಮುಸ್ಲಿಮರೂ ಇದ್ದಾರಲ್ವಾ, ಮಾತಾಡಿಸಲು ಅನುಕೂಲ. ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮ ದಶಕಗಳಿಂದ ಆಸ್ಪತ್ರೆ ನಡೆಸುತ್ತಿದೆ. ಚಿಕಿತ್ಸೆಯ ವಿಷಯ ಬಂದಾಗ ಅವರನ್ನು ಕೇಳಲು ಸಂಕೋಚ ಯಾಕೆ?

ಫೋಟೊಗೂ ಒಂದು ದಾರಿ ಇದೆ. ಸಂಸ್ಥೆಗೆ ಕಂಪನಿಯವರಿಂದ ಸಿಎಸ್ಆರ್ ಹಣ (ಸಮಾಜಸೇವೆಗೆ ಅಂತ ಕಂಪನಿಗಳು ಕೊಡುವ ಹಣ) ಬಂದಿದ್ದರೆ ಅವರು ಕೆಲಸದ ಪುರಾವೆ ಕೊಡಲೇಬೇಕು. ಪಾಪ, ಅದು ಅವರ ಹಣೆಬರಹ. ಚೀಲ ಹಿಡಿದು ನಿಂತ ಅಜ್ಜಿಯ ಮುಖದ ಬದಲು ಸಹಿ ಹಾಕಿದ ಪುಸ್ತಕದ ಫೋಟೊ ತೆಗೆಯಲಿ ಅಂತ ಕೇಳಿ. ಒಪ್ಪದಿದ್ದರೆ ಅಂಥವರ ಜೊತೆ ಕೂಡುವುದು ಬೇಡ.

ಒಪ್ಪಂದ ಪತ್ರ, ಜಂಟಿ ಸಮಿತಿ, ಬ್ಯಾನರು ಇದ್ಯಾವುದೂ ಈಗಲೇ ಬೇಡ. ಒಂದು ಉದ್ದ ನೋಟ್ ಬುಕ್ ತಗೊಳ್ಳಿ. ನಿಮ್ಮ ಕಡೆಯಿಂದ ಇಬ್ಬರು, ಅವರ ಕಡೆಯಿಂದ ಇಬ್ಬರು, ಒಂದೇ ಒಂದು ತೋಟದ ಲೈನಿಗೆ ಹೋಗಿ. ಹೆಸರು, ತಲೆ ಎಣಿಕೆ, ರೇಷನ್ ಕಾರ್ಡ್ ಯಾವ ರಾಜ್ಯದ್ದು, ಮಗು ಶಾಲೆಗೆ ಹೋಗುತ್ತದಾ, ಇಷ್ಟು ಸಾಕು. ಹೆಸರಿನ ಪುಸ್ತಕ ನಿಮ್ಮ ಮತ್ತು ಸಂಸ್ಥೆಯವರ ಬಳಿ ಬಿಟ್ಟು ಮೂರನೆಯವರ ಕೈಗೆ ಹೋಗದಿರಲಿ. ನವೆಂಬರ್ ಹೊತ್ತಿಗೆ ಕೊಯ್ಲು ಶುರುವಾದರೆ ಕತ್ತಲಾಗುವವರೆಗೆ ಯಾರೂ ಮನೆಯಲ್ಲಿ ಸಿಗುವುದಿಲ್ಲ, ದೊಡ್ಡ ಮಕ್ಕಳು ಕೂಡ. ಅದಕ್ಕೆ ಮುಂಚೆಯೇ ಹೋಗಿ. ಸಂತೆ ದಿನ ಮಧ್ಯಾಹ್ನದ ಮೇಲೆ ಹೋದರೆ ಒಳ್ಳೆಯದು, ಸಾಮಾನು ತಗೊಂಡು ವಾಪಸ್ ಬಂದಿರುತ್ತಾರೆ.

— ಸಂಪಾದಕ